ವುನಿಯ ಪಾಲಿನ ಅನ್ನ

ಮೂರನೇ ಪುಸ್ತಕವನ್ನು ಕಿನಾಸಿಹ್ ಈರುಳ್ಳಿ ಬುಟ್ಟಿಗೆ ಎಸೆದಳು. ಎಸೆದ ರಭಸಕ್ಕೆ ಒಣ ಸಿಪ್ಪೆ ಎದ್ದು ಹಾರಿ, ಎದುರಿಗೆ ಕೂತಿದ್ದ ಪಕ್ಕದ ಮನೆಯ ಅಜ್ಜಿ, ಮ್ಬಾ ಪಾಯಿನಾಳ ನರೆಗೂದಲಿಗೆ ಅಂಟಿಕೊಂಡಿತು.

"ಸತ್ಲು," ಅಂದಳು ಹುಡುಗಿ. "ವುನಿ ಸತ್ಲು."

ತೆಂಗಿನಕಾಯಿ ತುರಿಯುತ್ತಿದ್ದ ತಾಯಿ ವಿಲುಜೆಂಗಳ ಕೈ ನಿಂತಿತು. ಅಜ್ಜಿಯಂತೂ ಈರುಳ್ಳಿ ಹೆಚ್ಚುವ ಚಾಕುವನ್ನೇ ಮೇಲೆತ್ತಿದಳು, ಕೊಂದವನು ಹಿತ್ತಲ ಬಾಗಿಲಲ್ಲೇ ನಿಂತಿದ್ದಾನೆ ಅನ್ನುವ ಹಾಗೆ.

"ಯಾರು ಹೊಡೆದ್ರು?"

"ಅಷ್ಟೂ ಬರೆದಿಲ್ಲ ಮ್ಬಾ. ಒಂದೇ ಒಂದು ಸಾಲು. ಪುಟ ತಿರುಗಿಸಿದ್ರೆ ಮದುವೆ."

"ಯಾರ ಮದುವೆ?"

"ರಿಂಬಿದು. ಆ ರಾಜಕುಮಾರನ ಜೊತೆ."

"ಊರಿಗೆ ಬೆಂಕಿ ಇಟ್ಟನಲ್ಲ, ಅವನಾ?"

"ಅವನೇ."

ಅಜ್ಜಿ ಎದ್ದು ಹೋಗಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಹಿತ್ತಲಿಗೆ ಉಗಿದು ಬಂದಳು. "ಅಂಥವನಿಗೆ ಹೆಣ್ಣು ಕೊಡೋದಕ್ಕಿಂತ ಬಾವಿಗೆ ನೂಕಬಹುದಿತ್ತು," ಅಂದಳು.

ಬ್ಲಿತಾರ್ ಪಟ್ಟಣದ ಆ ಅಡುಗೆಮನೆಯಲ್ಲಿ 'ಏಳು ಬೂದಿಬೆಟ್ಟಗಳು' ಅನ್ನುವ ಕಥೆಯನ್ನು ಓದಿದವಳು ಒಬ್ಬಳೇ ಆದರೂ ಕೇಳಿದವರು ಇನ್ನಿಬ್ಬರಿದ್ದರು. ವಿಲುಜೆಂಗ್ ಮದುವೆ ಮುಂಜಿಗಳಿಗೆ, ಸಭೆ ಸಮಾರಂಭಗಳಿಗೆ ಊಟ ಮಾಡಿಕೊಡುವವಳು. ಗಂಡ ಹಡಗಿನಲ್ಲಿ ದುಡಿಯುವವನು, ವರ್ಷದಲ್ಲಿ ಒಮ್ಮೆ ಬಂದರೆ ಹಬ್ಬ. ಮ್ಬಾ ಪಾಯಿನಾ ಕೈಜೋಡಿಸಲು ಬರುತ್ತಿದ್ದಳು. ಕೈಗೆ ಬಿಡುವಿಲ್ಲದ ಈ ಇಬ್ಬರು ಹೆಂಗಸರ ಕಿವಿಗಳು ಮಾತ್ರ ಖಾಲಿ ಇರುತ್ತಿದ್ದವು. ಶಾಲೆಯಿಂದ ಬಂದ ಕಿನಾಸಿಹ್ ಅಕ್ಕಿ ಮೂಟೆಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದಳು. ಮೊದಲ ಪುಸ್ತಕ ಹಾಗೆ ಮುಗಿಯಿತು, ಎರಡನೆಯದೂ ಮುಗಿಯಿತು.

ಕಥೆಯ ನಾಯಕಿ ರಿಂಬಿ. ಬೆಟ್ಟದೊಳಗಿನ ಬೆಂಕಿಯ ಜೊತೆ ಮಾತಾಡಬಲ್ಲ ಹುಡುಗಿ. ಆದರೆ ಈ ಮನೆಯವರು ಮನಸ್ಸು ಕೊಟ್ಟಿದ್ದು ವುನಿಗೆ. ವುನಿ ಉಪ್ಪು ಹೊರುವವನ ಮಗಳು, ಎತ್ತಿನಂಥ ಹೆಗಲು, ಸುಣ್ಣದ ಗೂಡಿನಂಥ ಬಾಯಿ. ಬೂದಿಬೆಟ್ಟಗಳ ಉದ್ದಕ್ಕೂ ರಿಂಬಿಯನ್ನು ಬೆನ್ನ ಮೇಲೆ ಹೊತ್ತು ನಡೆದವಳು. ನೋಡಲು ಬಂದ ಗಂಡುಗಳಿಗೆ, "ನನ್ನ ಹೊರೋ ತಾಕತ್ತಿರೋನು ಬಂದ ದಿನ ನೋಡೋಣ, ಅಲ್ಲಿವರೆಗೂ ಮೂಟೆ ನಾನೇ ಹೊರ್ತೀನಿ," ಎಂದು ಬೆನ್ನು ತೋರಿಸುತ್ತಿದ್ದವಳು. ಶಾಲೆಯಲ್ಲಿ ಹುಡುಗಿಯರು ಕಿನಾಸಿಹ್‌ಳ ಸಮವಸ್ತ್ರ ಮೂಸಿ, "ಈರುಳ್ಳಿ ಮೆರವಣಿಗೆ ಬಂತು," ಎಂದು ನಕ್ಕಾಗ ಅವಳು ವುನಿಯ ಗತ್ತಿನಲ್ಲೇ ತಿರುಗಿ ನಿಂತಿದ್ದಳು. "ವಾಸನೆ ಬರೋದು ಒಲೆ ಹಚ್ಚಿದೋರ ಮನೇಲಿ ಕಣ್ರೇ. ನಿಮ್ಮನೇಲಿ ಏನು ಬೇಯುತ್ತೆ, ಹೇಳಿ?" ಆಮೇಲೆ ಯಾರೂ ಮೂಸಿರಲಿಲ್ಲ.

ಅಂಥ ವುನಿ ಸತ್ತಿದ್ದಳು.

ಅವತ್ತು ಸಂಜೆಯೇ ಕಿನಾಸಿಹ್ ಫೋನು ಹಿಡಿದು ಕೂತು, ಓದುಗರು ತಮ್ಮ ಅಭಿಪ್ರಾಯ ಹಾಕುವ ಜಾಗದಲ್ಲಿ ಬರೆದಳು. ಬರೆದದ್ದನ್ನು ಅಡುಗೆಮನೆಗೆ ಬಂದು ಓದಿಯೂ ಹೇಳಿದಳು: "ಎರಡು ಪುಸ್ತಕ ಪೂರ್ತಿ ರಿಂಬಿಯನ್ನು ಹೊತ್ತವಳು ವುನಿ. ಅವಳು ಸತ್ತರೆ ಒಬ್ಬರೂ ಕೂತು ಅಳಲಿಲ್ಲ. ಮೈ ತೊಳೆಯಲಿಲ್ಲ. ಅವಳ ಹೆಸರಲ್ಲಿ ಒಂದು ತುತ್ತು ಅನ್ನ ಹಂಚಲಿಲ್ಲ. ಬೆಂಕಿ ಇಟ್ಟವನಿಗೆ ಮಾತ್ರ ಮಲ್ಲಿಗೆ ಹಾರ. ಇದು ಕಥೆ ಮುಗಿಸಿದ್ದಲ್ಲ, ಕಥೆ ಬಿಟ್ಟು ಓಡಿಹೋದದ್ದು."

"ಹಾಕು, ಹಾಕು," ಅಂದಳು ಅಜ್ಜಿ. "ನನ್ನ ಹೆಸರೂ ಸೇರಿಸು."

ವಿಲುಜೆಂಗ್ ನಕ್ಕು ಸುಮ್ಮನಾದಳು. ಪುಸ್ತಕದ ಮಾತು, ಮಕ್ಕಳ ಸಿಟ್ಟು. ಅವಳ ತಲೆಯಲ್ಲಿ ನಾಳೆಯ ಊಟಕ್ಕೆ ಬೇಯಿಸಬೇಕಾದ ಮೊಟ್ಟೆಗಳಿದ್ದವು.

ಮಾತು ಕಾಡುಗಿಚ್ಚಿನ ಹಾಗೆ ಹಬ್ಬಿತು. ಊರೂರಿನ ಹುಡುಗಿಯರು ಅದನ್ನು ಹಂಚಿಕೊಂಡರು. ಅರ್ಧ ಜನ ಹೊಗಳಿದರು, ಅರ್ಧ ಜನ ಉಗಿದರು. ಎರಡು ದಿನ ಕಳೆದು ಬು ಹೆಸ್ತಿ ಬಂದರು.

ಊರವರು 'ಬು' ಎಂದು ಗೌರವ ಸೇರಿಸಿ ಕರೆಯುವ ಈ ಹೆಸ್ತಿ ಊರಿನ ಓದುಗರ ಬಳಗದ ಮುಖ್ಯಸ್ಥೆ. ಅಂಗಡಿಗೆ ಆಗಲೇ ಬಂದಿದ್ದ ಮೂರನೇ ಪುಸ್ತಕದ ಈ ಊರಿನ ಬಿಡುಗಡೆಗೆ ಲೇಖಕಿ ಗಾಲುಹ್ ಜಕಾರ್ತಾದಿಂದ ಬರುವವಳಿದ್ದಳು. ವೇದಿಕೆಯ ಮೇಲೆ ಕೂತು ಆಕೆಯನ್ನು ಪ್ರಶ್ನೆ ಕೇಳಲು ಬಳಗದವರು ಕಿನಾಸಿಹ್‌ಳನ್ನು ಮೊದಲೇ ಆರಿಸಿದ್ದರು. ಅಂದಿನ ಊಟವೂ, ಲೇಖಕಿ ಕತ್ತರಿಸಬೇಕಾದ ತುಂಪೆಂಗ್ ಎಂಬ ಗೋಪುರದಂಥ ಹಳದಿ ಅನ್ನವೂ ವಿಲುಜೆಂಗಳದ್ದೇ.

ಬು ಹೆಸ್ತಿ ಕಾಫಿ ಕುಡಿದರು, ಕರಿದ ಬಾಳೆಹಣ್ಣು ಹೊಗಳಿದರು, ಹಡಗಿನಲ್ಲಿರುವ ಗಂಡನ ಆರೋಗ್ಯ ಕೇಳಿದರು. ಎದ್ದು ನಿಂತ ಮೇಲೆ ವಿಷಯಕ್ಕೆ ಬಂದರು.

"ನ್ದುಕ್," ಅಂದರು ಕಿನಾಸಿಹ್‌ಳ ಗಲ್ಲ ಮುಟ್ಟಿ, "ಅತಿಥಿ ಮನೆಗೆ ಬರೋ ಹೊತ್ತಲ್ಲಿ ಬಾಗಿಲಿಗೆ ಯಾರಾದ್ರೂ ಮುಳ್ಳು ಹರಡ್ತಾರಾ ಮಗು? ಅದನ್ನ ತೆಗೆದುಬಿಡು. ಕೇಳೋ ಪ್ರಶ್ನೆ ನಾವೇ ಬರೆದುಕೊಡ್ತೀವಿ. ನಿಂಗೂ ಸಲೀಸು."

"ನಾನು ಬರೆದಿದ್ದು ಸುಳ್ಳಾ, ಬು?"

"ಸುಳ್ಳು ಅಂತ ಯಾರು ಹೇಳಿದ್ರು? ಎಲ್ಲ ನಿಜಾನೂ ಎಲ್ಲ ಕಡೆ ಹೇಳ್ಬಾರ್ದು ಅಷ್ಟೆ. ಅಲ್ವಾ ಬು ವಿಲುಜೆಂಗ್?"

ಬು ಹೆಸ್ತಿಯ ಸಮಾರಂಭಗಳಿಗೆಲ್ಲ ಊಟ ಹೋಗುತ್ತಿದ್ದದ್ದು ಈ ಒಲೆಯಿಂದ. ವಿಲುಜೆಂಗ್ ಬೆಳಗಿನ ಜಾವದಿಂದ ನಿಂತೇ ಇದ್ದಳು. ಕಾಲು ಊದಿದ್ದವು. ಜಗಳವೊಂದು ಮನೆಯಿಂದ ಎದ್ದು ಹೋದರೆ ಸಾಕಾಗಿತ್ತು.

"ತೆಗೆದುಬಿಡು ನ್ದುಕ್," ಅಂದಳು. "ಬರೀ ಕಥೆ ಅಲ್ವಾ."

ಮಗಳು ತಾಯಿಯ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಫೋನು ತೆಗೆದು ಅವರ ಕಣ್ಣೆದುರೇ ಅಳಿಸಿದಳು. "ಸರಿ," ಅಂದಳು.

ಅದೇ ಕೊನೆ. ಅಲ್ಲಿಂದ ಮುಂದೆ ಅವಳ ಬಾಯಿಂದ ಬಂದದ್ದೆಲ್ಲ 'ಸರಿ', 'ಆಯ್ತು', 'ಹ್ಞೂಂ'. ಹೇಳಿದ ಕೆಲಸ ಮಾಡುತ್ತಿದ್ದಳು, ಎದುರು ಮಾತಿಲ್ಲ. ಓದುವುದನ್ನೂ ನಿಲ್ಲಿಸಿದಳು. ಅಡುಗೆಮನೆಯಲ್ಲಿ ಚಾಕು ಮಣೆಗೆ ತಾಗುವ ಸದ್ದು, ಹಬೆಯ ಸದ್ದು, ಅಜ್ಜಿಯ ಕೆಮ್ಮು. ಎದುರುತ್ತರ ಕೊಡುವ ಮಗಳನ್ನು ಹೇಗೆ ನಿಭಾಯಿಸಬೇಕೆಂದು ವಿಲುಜೆಂಗಳಿಗೆ ಗೊತ್ತಿತ್ತು. ಹೇಳಿದ್ದಕ್ಕೆಲ್ಲ ತಲೆಯಾಡಿಸುವವಳನ್ನು ಕಂಡರೆ ಭಯವಾಗತೊಡಗಿತು. ಬೇರೆ ಯಾರದ್ದೋ ಮನೆಯ ಹುಡುಗಿಯನ್ನು ತಂದು ಕೂರಿಸಿದಂತಿತ್ತು.

"ನಿನ್ನ ಮಗಳ ನಾಲಿಗೆ ಎಲ್ಲಿ?" ಎಂದು ಅಜ್ಜಿ ಒಂದು ಮಧ್ಯಾಹ್ನ ಕೇಳಿಯೇ ಬಿಟ್ಟಳು. "ಬು ಹೆಸ್ತಿ ಕಾಫಿ ಜೊತೆ ನೆಂಚಿಕೊಂಡು ಹೋದ್ರಾ?"

"ಎರಡು ದಿನ. ಸರಿ ಹೋಗ್ತಾಳೆ."

"ಸರಿ ಹೋಗಲ್ಲ. ನನ್ನ ತಂಗಿ ಹೀಗೇ ಸುಮ್ಮನಾದೋಳು, ಮದುವೆಯಾಗಿ ಹೋಗೋವರೆಗೂ ಅಪ್ಪನ ಜೊತೆ ಮಾತಾಡ್ಲಿಲ್ಲ."

ಅಜ್ಜಿ ಮನೆಗೆ ಹೋದ ಮೇಲೆ ವಿಲುಜೆಂಗ್ ಆ ಪುಸ್ತಕ ಹುಡುಕಿ ತೆಗೆದಳು. ಮಗಳು ಶಾಲೆಯಲ್ಲಿದ್ದಳು. ಅನ್ನ ಹಬೆಯಲ್ಲಿತ್ತು. ಇಷ್ಟು ವರ್ಷ ಕಿವಿಯಿಂದ ಓದಿದವಳಿಗೆ ಕಣ್ಣಿಂದ ಓದುವುದು ನಿಧಾನವಾಯಿತು. ಹೆಬ್ಬೆರಳ ಅರಿಶಿನ ಪುಟಪುಟಕ್ಕೂ ಹತ್ತಿತು. ಯುದ್ಧ ಬಂತು. ಹಡಗುಗಳು, ಬೆಂಕಿ, ಗಿಡುಗಗಳು. ಕೊನೆಗೆ ಆ ಸಾಲು ಬಂತು: 'ಆ ದಿನ ಸತ್ತವರಲ್ಲಿ ವುನಿಯೂ ಇದ್ದಳು.'

ವಿಲುಜೆಂಗ್ ಹಿಂದಿನ ಪುಟಕ್ಕೆ ಹೋದಳು. ಏನೋ ಬಿಟ್ಟುಹೋಗಿರಬೇಕು ಅಂದುಕೊಂಡಳು. ಬಿಟ್ಟುಹೋಗಿರಲಿಲ್ಲ. ಮುಂದಿನ ಪುಟದಲ್ಲಿ ಮದುವೆಯ ಚಪ್ಪರ. ಹುಡುಗನ ಕಿರೀಟದ ವರ್ಣನೆ ಅರ್ಧ ಪುಟ. ಅವನ ಕಣ್ಣಿನ ವರ್ಣನೆ ಇನ್ನರ್ಧ. ಊಟಕ್ಕೆ ಏನೇನಿತ್ತು ಅನ್ನುವುದಕ್ಕೆ ಎರಡು ಪುಟ. ಬಾತುಕೋಳಿ, ಸೀಗಡಿ, ಅಂಟಕ್ಕಿಯ ಸಿಹಿ. ರಿಂಬಿ ನಕ್ಕಳು, ನಾಚಿದಳು, ಮತ್ತೆ ನಕ್ಕಳು.

"ಹೆಣ ಎಲ್ಲಿ?" ವಿಲುಜೆಂಗ್ ಗಟ್ಟಿಯಾಗಿಯೇ ಕೇಳಿದಳು.

ಪುಟಗಳನ್ನು ಹಿಂದೆ ಮುಂದೆ ಸರಿಸಿದಳು. ಅಷ್ಟು ದೊಡ್ಡ ಹೆಣ್ಣು, ಎತ್ತಿನಂಥ ಹೆಗಲಿನವಳು, ಅವಳನ್ನು ಎತ್ತಲು ನಾಲ್ಕು ಜನ ಬೇಕು. ಯಾರು ಎತ್ತಿದರು? ಎಲ್ಲಿ ಮಲಗಿಸಿದರು? ಉಪ್ಪು ಹೊರುವ ಅವಳಪ್ಪನಿಗೆ ಯಾರು ಹೋಗಿ ಹೇಳಿದರು? ಒಂದಕ್ಕೂ ಉತ್ತರವಿಲ್ಲ. ಬರೆದವಳ ಮೇಲೆ ಸಿಟ್ಟು. ಕಾಫಿ ಕುಡಿದು ಗಲ್ಲ ಮುಟ್ಟಿ ಹೋದವರ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚಾಗಿ, 'ಬರೀ ಕಥೆ ಅಲ್ವಾ' ಅಂದ ತನ್ನ ಬಾಯಿಯ ಮೇಲೆ. ಈ ಸಾಲು ಓದಿದ ಮಗಳು ಮನುಷ್ಯಳಂತೆ ಸಿಟ್ಟಾಗಿದ್ದಳು. ಆ ಸಿಟ್ಟನ್ನು ತಾಯಿಯೇ ಕತ್ತು ಹಿಚುಕಿ ಮಲಗಿಸಿದ್ದಳು.

ಅಷ್ಟರಲ್ಲಿ ಅನ್ನ ತಳಹಿಡಿದಿತ್ತು.

ಬಿಡುಗಡೆಯ ದಿನ ಬೆಳಕು ಹರಿಯುವ ಹೊತ್ತಿಗೆ ಮ್ಬಾ ಪಾಯಿನಾ ಬಂದು ನೋಡಿದರೆ, ತುಂಪೆಂಗಿನ ಅಕ್ಕಿ ಬಿಳಿಯದಾಗಿಯೇ ಬೇಯುತ್ತಿತ್ತು.

"ಅರಿಶಿನ ಮರೆತ್ಯೇನೇ?"

"ಮರೀಲಿಲ್ಲ."

ಅಜ್ಜಿ ಸುತ್ತ ಕಣ್ಣು ಹಾಯಿಸಿದಳು. ತುಂಪೆಂಗಿನ ತಟ್ಟೆಯ ಪಕ್ಕ ಕೋಳಿ ಇಲ್ಲ, ಮೊಟ್ಟೆ ಇಲ್ಲ. ಹರಿವೆ, ಹುರುಳಿಕಾಯಿ, ಮೊಳಕೆಕಾಳು ಮಾತ್ರ ತೊಳೆದು ಇಟ್ಟಿತ್ತು. ಅವಳ ಮುಖ ನಿಧಾನವಾಗಿ ಬದಲಾಯಿತು.

"ಅವಳಿಗೆ ಮದುವೆ ಆಗಿರ್ಲಿಲ್ಲ ಅಲ್ವಾ," ಅಂದಳು.

"ಹೌದು."

ಮದುವೆಯಾಗದೆ ಸತ್ತವರಿಗೆ ಮಾಡುವ ಅನ್ನ ಆ ಸೀಮೆಯಲ್ಲಿ ಬೇರೆ. ಬಿಳಿ ಗೋಪುರವನ್ನು ತುದಿಯಿಂದ ಬುಡಕ್ಕೆ ಸರಿಯಾಗಿ ಎರಡಾಗಿ ಸೀಳಿ, ಬೆನ್ನಿಗೆ ಬೆನ್ನು ಹಚ್ಚಿ ಇಡುತ್ತಾರೆ. ಇನ್ನೊಂದು ಜೀವವನ್ನು ಸೇರದೆ ಹೊರಟ ಜೀವ ಅದು.

"ಸಾವಿಲ್ದ ಮನೇಲಿ ಸಾವಿನ ಅನ್ನ ಬೇಯಿಸಿದ್ರೆ, ಸಾವು ವಿಳಾಸ ಹುಡುಕ್ಕೊಂಡು ಬರುತ್ತೆ ಅಂತಾರೆ."

"ಸಾವಿಲ್ಲ ಅಂತ ಯಾರು ಹೇಳಿದ್ದು ಮ್ಬಾ?"

ಅಜ್ಜಿ ಅಂಗಿಯ ತೋಳು ಮೇಲೇರಿಸಿ ಕೂತು ಹುರುಳಿಕಾಯಿ ಎಳೆದುಕೊಂಡಳು. "ಬು ಹೆಸ್ತಿ ನಿನ್ನನ್ನ ಇನ್ನೊಂದು ಸಲ ಅಡುಗೆಗೆ ಕರೆದ್ರೆ ನನ್ನ ಕಿವಿ ಕುಯ್ದು ಕೊಡ್ತೀನಿ."

"ಕುಯ್ಯೋದು ಆಮೇಲೆ. ಈಗ ಕಾಯಿ ಕುಯ್ಯಿ."

ಬಂದವರ ಊಟದ ಡಬ್ಬಿಗಳಲ್ಲಿ ಯಾವ ಕೊರತೆಯನ್ನೂ ಅವಳು ಮಾಡಲಿಲ್ಲ. ಕೋಳಿ, ಹಳದಿ ಅನ್ನ, ಎಲ್ಲ ಮಾತಾಡಿದಂತೆಯೇ ಇತ್ತು. ವೇದಿಕೆಗೆ ಹೋಗುವ ತಟ್ಟೆ ಮಾತ್ರ ಬಿದಿರಿನ ಮುಚ್ಚಳದ ಕೆಳಗೆ ಬೇರೆಯಾಗಿ ಹೋಯಿತು. ಮಗಳಿಗೆ ಅವಳು ಹೇಳಲಿಲ್ಲ. ಕಿನಾಸಿಹ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪ್ರಶ್ನೆಯ ಚೀಟಿಯನ್ನು ಜೇಬಿಗೆ ಹಾಕಿಕೊಂಡು ಮೊದಲೇ ಹೊರಟುಹೋಗಿದ್ದಳು.

ಸಭಾಂಗಣ ತುಂಬಿತ್ತು. ಶಾಲೆಯ ಹುಡುಗಿಯರು ರಿಂಬಿಯ ಹಾಗೆ ಜಡೆಗೆ ಕೆಂಪು ದಾರ ಸುತ್ತಿಕೊಂಡು ಬಂದಿದ್ದರು. ಲೇಖಕಿ ಗಾಲುಹ್‌ಗೆ ಮೂವತ್ತು ದಾಟಿರಬಹುದು. ಪಕ್ಕದ ತುಲುಂಗಾಗುಂಗ್ ಊರಿನವಳು, ಮಾತಿನಲ್ಲಿ ಈಚೆಗಷ್ಟೆ ಜಕಾರ್ತಾದ ನಯ ಬಂದಿತ್ತು. ಬು ಹೆಸ್ತಿ ಸ್ವಾಗತಿಸಿದರು, ಹೊಗಳಿದರು, ಮತ್ತೆ ಹೊಗಳಿದರು. ಆಮೇಲೆ ಗಾಲುಹ್‌ಳ ಕೈಗೆ ರಿಬ್ಬನ್ ಕಟ್ಟಿದ ಚಾಕು ಕೊಟ್ಟು, ತಾವೇ ಬಿದಿರಿನ ಮುಚ್ಚಳ ಎತ್ತಿದರು.

ಮುಂದಿನ ಸಾಲಿನ ಮುದುಕರೊಬ್ಬರು ಎದ್ದು ನಿಂತು ಸತ್ತವರಿಗೆ ಹೇಳುವ ಪ್ರಾರ್ಥನೆ ಶುರು ಮಾಡಿಬಿಟ್ಟರು. ಅವರ ಹೆಂಡತಿ ಅಂಗಿ ಹಿಡಿದು ಎಳೆದಳು. ಹುಡುಗಿಯರ ಪಿಸುಮಾತು ನಿಂತಿತು. ಮೇಜಿನ ಮೇಲೆ ಬಿಳಿ ಅನ್ನ, ಎರಡು ಹೋಳು, ಬೆನ್ನಿಗೆ ಬೆನ್ನು.

"ಬು ವಿಲುಜೆಂಗ್!" ಬು ಹೆಸ್ತಿಯ ದನಿ ಮೈಕಿನಲ್ಲಿ ಕೀರಲಾಯಿತು. "ಏನಿದು ಅನಿಷ್ಟ! ತೆಗೀರಿ, ತೆಗೀರಿ ಇದನ್ನ! ತಪ್ಪಿ ಬಂದಿದೆ, ಎಲ್ರೂ ಕ್ಷಮಿಸ್ಬೇಕು..."

"ಇರಿ," ಅಂದಳು ಗಾಲುಹ್. ತುಲುಂಗಾಗುಂಗಿನವಳಿಗೆ ಆ ಅನ್ನವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. "ಯಾರಿಗೆ ಇದು?"

ಪಕ್ಕದ ಬಾಗಿಲಲ್ಲಿ ನಿಂತಿದ್ದ ವಿಲುಜೆಂಗ್ ಬಾಯಿ ತೆರೆದಳು. ಅಷ್ಟರಲ್ಲಿ ವೇದಿಕೆಯ ಮೇಲಿನ ಇನ್ನೊಂದು ಮೈಕಿನಿಂದ ಉತ್ತರ ಬಂತು.

"ವುನಿಗೆ," ಅಂದಳು ಕಿನಾಸಿಹ್.

ಗಾಲುಹ್ ಚಾಕು ಕೆಳಗಿಟ್ಟಳು. ಇಟ್ಟ ಸದ್ದು ಜೋರಾಗಿಯೇ ಕೇಳಿತು. "ನೋಡು ತಂಗಿ. ಅದು ನನ್ನ ಪುಸ್ತಕ. ಸಾಯಿಸೋದು ಬದುಕಿಸೋದು ನನ್ನಿಷ್ಟ. ಬರೆದೂ ಬರೆದೂ ಮುಂಗೈ ಬಿದ್ದುಹೋಗಿದೆ ನಂಗೆ."

"ಕಾಕ್ ಗಾಲುಹ್, ಅಕ್ಕಾ, ಸಾಯಿಸಿದ್ದಕ್ಕೆ ಸಿಟ್ಟಿಲ್ಲ. ಸಾಯಿಸಿ ತಿರುಗಿ ನೋಡ್ಲಿಲ್ವಲ್ಲ, ಅದಕ್ಕೆ ಸಿಟ್ಟು. ಸತ್ತ ನಾಯೀನ ರಸ್ತೆ ಪಕ್ಕಕ್ಕೆ ಎಳೆಯೋರೂ ಅದಕ್ಕಿಂತ ನಿಧಾನವಾಗಿ ಎಳೀತಾರೆ."

ಹಿಂದಿನ ಸಾಲಿನಲ್ಲಿ ಯಾರೋ 'ಓ' ಅಂದರು.

"ಮದುವೆ ಬೇಕಿತ್ತು ಕಥೆಗೆ!"

"ವುನಿ ಇದ್ರೆ ಮದುವೆಗೇನು ತೊಂದ್ರೆ?"

"ತೊಂದ್ರೆನಾ?" ಗಾಲುಹ್ ಸಿಟ್ಟಿನಲ್ಲಿ ನಕ್ಕಳು. ಜಕಾರ್ತಾದ ನಯವೆಲ್ಲ ಕಳಚಿಬಿದ್ದಿತ್ತು. "ಅವಳಿದ್ರೆ ಮದುವೆ ನಡೆಯೋದುಂಟಾ? ನಾಲ್ಕು ಸಲ ಬರೆದೆ ಆ ಮದುವೇನ. ನಾಲ್ಕು ಸಲವೂ ಚಪ್ಪರದೊಳಗೆ ನುಗ್ಗಿ ಆ ಹುಡುಗನ ಕಪಾಳಕ್ಕೆ ಬಾರಿಸಿದ್ಲು. ಏನ್ ಮಾಡ್ಲಿ ನಾನು?"

"ಹಾಗಾದ್ರೆ ತಪ್ಪಿದ್ದು ಮದುವೆ," ಅಂದಳು ಕಿನಾಸಿಹ್. "ವುನಿ ಅಲ್ಲ."

ಕೆಂಪು ದಾರದ ಹುಡುಗಿಯೊಬ್ಬಳು ಚಪ್ಪಾಳೆ ತಟ್ಟಿದಳು. ಅವಳ ಪಕ್ಕದವಳು ಬೇಡವೆಂದು ಕೈ ಹಿಡಿದಳು. ಇನ್ನೆರಡು ಕಡೆ ಚಪ್ಪಾಳೆ ಎದ್ದಿತು, 'ಮದುವೆ ಚೆನ್ನಾಗೇ ಇತ್ತು' ಎಂದು ಒಬ್ಬಳು ಕೂಗಿದಳು, 'ನಿನ್ ತಲೆ' ಎಂದು ಇನ್ನೊಬ್ಬಳು ತಿರುಗಿಸಿ ಕೂಗಿದಳು. ಬು ಹೆಸ್ತಿ ಮೈಕಿನಲ್ಲಿ 'ಸುಮ್ಮನಿರಿ' ಎಂದು ಕೂಗಿ ಕೂಗಿ ಸೋತರು.

ಗಾಲುಹ್ ಹುಡುಗಿಯನ್ನೇ ದಿಟ್ಟಿಸುತ್ತಿದ್ದಳು. "ಓಡಿಹೋದದ್ದು ಅಂತ ಬರೆದವಳು ನೀನೇ ಅಲ್ವಾ? ಅದನ್ನ ಓದಿ ಎರಡು ದಿನ ಊಟ ಸೇರ್ಲಿಲ್ಲ ನಂಗೆ. ಉತ್ತರ ಬರೀಬೇಕು ಅಂತ ಹುಡುಕಿದ್ರೆ ಇರ್ಲಿಲ್ಲ. ನನ್ನನ್ನ ಓಡಿಹೋದೆ ಅಂದೋಳು, ನೀನ್ಯಾಕೆ ಓಡಿಹೋದೆ?"

ಕಿನಾಸಿಹ್‌ಳ ಕಣ್ಣು ಪಕ್ಕದ ಬಾಗಿಲ ಕಡೆ ಹೋಗಿ, ತಕ್ಷಣ ಕೆಳಗಿಳಿಯಿತು. ಮನೆಯ ಆ ಮೌನ ಈಗ ಊರ ಮುಂದೆ ಬಂದು ಕೂತಿತ್ತು.

ವಿಲುಜೆಂಗ್ ಏಪ್ರನ್ನಿಗೆ ಕೈ ಒರೆಸುತ್ತ ವೇದಿಕೆಯ ಮೆಟ್ಟಿಲವರೆಗೂ ಬಂದಳು. "ಅವಳು ಓಡಿಲ್ಲ," ಅಂದಳು. ಮೈಕು ಬೇಕಾಗಲಿಲ್ಲ. "ಬು ಹೆಸ್ತಿ ತೆಗೆಸಿ ಅಂದ್ರು. ನಾನು ತೆಗೆಸಿದೆ. ಪುಸ್ತಕ ಓದದೇನೇ ತೆಗೆಸಿದೆ. ಆಮೇಲೆ ಓದಿದೆ."

ಬು ಹೆಸ್ತಿ ಕೈಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆದರು. ಆ ನಡಿಗೆಯಲ್ಲೇ ಗೊತ್ತಾಗುತ್ತಿತ್ತು, ಇನ್ನು ಮುಂದೆ ಅವರ ಮನೆಯ ಬೆಕ್ಕಿನ ಹುಟ್ಟುಹಬ್ಬಕ್ಕೂ ವಿಲುಜೆಂಗಳ ಅನ್ನ ಹೋಗುವುದಿಲ್ಲ.

"ಮತ್ತೆ ಈ ಅನ್ನ?" ಗಾಲುಹ್ ಕೇಳಿದಳು. ದನಿ ಇನ್ನೂ ಬಿರುಸಾಗಿಯೇ ಇತ್ತು. "ಎಸೆಯೋ ಹಾಗಿಲ್ವಲ್ಲ ಇದನ್ನ."

"ಎಸೆಯೋ ಹಾಗಿಲ್ಲ," ಅಂದಳು ಮ್ಬಾ ಪಾಯಿನಾ ಎಲ್ಲರ ಹಿಂದಿನಿಂದ, ಕೈಯಲ್ಲಾಗಲೇ ತಟ್ಟೆ ಹಿಡಿದು. "ಕೊಂದೋಳು ಮೊದಲು ತಿನ್ನಬೇಕು."

ಗಾಲುಹ್ ಅಜ್ಜಿಯನ್ನು ಕೆಂಗಣ್ಣಿನಿಂದ ನೋಡಿ ತಟ್ಟೆಗೆ ಕೈ ಚಾಚಿದಳು.

ಕಿನಾಸಿಹ್ ವೇದಿಕೆಯಿಂದ ದಡದಡ ಇಳಿದು ತಾಯಿಯ ಎದುರು ನಿಂತಳು. ಮುಖ ಕೆಂಡವಾಗಿತ್ತು.

"ನಂಗ್ಯಾಕೆ ಹೇಳ್ಲಿಲ್ಲ?"

"ನಿನಗೋಸ್ಕರಾನೇ..."

"ನನಗೋಸ್ಕರ ಅನ್ಬೇಡ ಇಬು! ತೆಗೆಸಿದಾಗ ನನ್ನ ಕೇಳ್ಲಿಲ್ಲ, ಇದನ್ನ ಮಾಡೋವಾಗ್ಲೂ ನನ್ನ ಕೇಳ್ಲಿಲ್ಲ! ಅವರ ಚೀಟೀನ ಹರಿದು ಚರಂಡಿಗೆ ಹಾಕಿ ಬಂದಿದ್ದೆ ನಾನು, ಗೊತ್ತಾ? ನಾನೇ ಕೇಳ್ತಿದ್ದೆ. ನನ್ನ ಬಾಯಲ್ಲೇ ಕೇಳ್ತಿದ್ದೆ. ನೀನು ಬಂದು ನಿನ್ನ ಅನ್ನದಿಂದ ಕೇಳಿಸಿಬಿಟ್ಟೆ!"

ಜನ ತಟ್ಟೆ ಹಿಡಿದು ಸಾಲುಗಟ್ಟಿದ್ದರು. ಮೊದಲು ಹಿಂಜರಿದವರು, ಪ್ರಾರ್ಥನೆ ಶುರು ಮಾಡಿದ್ದ ಆ ಮುದುಕರು ಮುಂದಾದ ಮೇಲೆ ಬಂದರು. ವಿಲುಜೆಂಗ್ ಸೌಟು ಎತ್ತಿಕೊಂಡು ಒಂದು ಹೋಳಿನಿಂದ ಬಿಳಿ ಅನ್ನ ತೆಗೆದಳು.

"ಕೇಳಿಸ್ತಾ ಇದೆಯಾ? ನಿನ್ನ ಹತ್ರಾನೇ ಮಾತಾಡ್ತಿರೋದು!"

"ಕೇಳಿಸ್ತಾ ಇದೆ. ಬೈಯಿ."

"ಬೈಯದೆ ಬಿಡ್ತೀನಾ? ಬರೀ ಕಥೆ ಅಂತೆ! ಬರೀ ಕಥೆ ಆಗಿದ್ರೆ ಯಾಕೆ ಬೆಳಗಿನಿಂದ ಹಬೆಯಲ್ಲಿ ಬೇಯ್ತಿದ್ದೆ ನೀನು? ಮೊನ್ನೆ ಅವರ ಎದುರು ನನ್ನ ಮುಖ ನೋಡಿದ್ಯಾ? ಒಂದು ಸಲ ನೋಡಿದ್ಯಾ?"

ಮಗಳ ದನಿ ಏರುತ್ತಲೇ ಹೋಯಿತು. ಸಾಲಿನಲ್ಲಿ ನಿಂತವರು ನೋಡದಂತೆ ನಟಿಸಿ ನೋಡುತ್ತಿದ್ದರು. ಅನ್ನಕ್ಕೆ ಸೊಪ್ಪು, ಸೊಪ್ಪಿನ ಮೇಲೆ ಮೊಳಕೆಕಾಳು ಹಾಕಿ ವಿಲುಜೆಂಗ್ ಒಬ್ಬೊಬ್ಬರಿಗೇ ತಟ್ಟೆ ದಾಟಿಸುತ್ತಿದ್ದಳು. ಕಿನಾಸಿಹ್ ಪಕ್ಕದಲ್ಲೇ ನಿಂತು ಬೈಯುತ್ತಿದ್ದಳು, ನಡುನಡುವೆ ಖಾಲಿ ತಟ್ಟೆ ಎತ್ತಿ ತಾಯಿಯ ಕೈಗೆ ಕೊಡುತ್ತ, ಮತ್ತೆ ಬೈಯುತ್ತ.